ಶ್ರೀಮತಿಯ ಚಿತ್ರಪಟ, ಎರಡು ನಿಮಿಷದ ಟ್ರೈಲರ್

2024ರ ಡಿಸೆಂಬರ್ ಮೊದಲ ವಾರ. ಉಪೇಂದ್ರ ಅವರ ‘ಯುಐ’ ಚಿತ್ರದ ‘ವಾರ್ನರ್’ ಎಂಬ ತುಣುಕು ಆಗಷ್ಟೇ ಹೊರಬಿದ್ದಿತ್ತು. ವಸಂತಪುರ ಮುಖ್ಯರಸ್ತೆಯ ಟೀ ಅಂಗಡಿಯೊಂದರ ಮುಂದೆ ಇಬ್ಬರು ಹುಡುಗರು ಬೈಟು ಟೀ ಹಿಡಿದುಕೊಂಡು ಒಂದೇ ಮೊಬೈಲಿನ ಮೇಲೆ ಬಾಗಿದ್ದರು. ಬೆರಳು ತುಣುಕನ್ನು ಒಂದಿಷ್ಟು ಮುಂದಕ್ಕೆ ತಳ್ಳುತ್ತಿತ್ತು, ಮತ್ತೆ ಹಿಂದಕ್ಕೆ ಎಳೆಯುತ್ತಿತ್ತು.

“ನೋಡು ಮಗಾ, ಇದು ಪಕ್ಕಾ ‘ಎ’ ಸಿನಿಮಾಗೆ ಲಿಂಕು. ಅದರ ಪ್ರೀಕ್ವೆಲ್ಲು.”

“ಕಥೆ ನಡೆಯೋದು 2040ರಲ್ಲಿ ಅಂತ ಅವರೇ ಹೇಳವ್ರೆ. ‘ಎ’ ಬಂದಿದ್ದು 98ರಲ್ಲಿ. ಪ್ರೀಕ್ವೆಲ್ ಹೆಂಗಾಗುತ್ತೆ ಗುರು?”

“ಉಪ್ಪಿ ಸಿನಿಮಾ ಕಣೋ! ಅವ್ರು ಯಾವತ್ತು ನೆಟ್ಟಗೆ ಕಥೆ ಹೇಳವ್ರೆ?”

ಕೊನೆಯ ಮಾತಿಗೆ ಎದುರಾಡುವುದು ಕಷ್ಟ. ಕಥೆಯನ್ನು ಹಿಂದುಮುಂದು ಮಾಡಿ ಹೆಣೆದೇ ‘ಎ’ ಹೆಸರು ಮಾಡಿದ್ದು. ಅದು 2024ರ ಮೇ ತಿಂಗಳಲ್ಲಿ ಮತ್ತೆ ತೆರೆಗೆ ಬಂದಿತ್ತು. ಹುಡುಗನ ತಲೆಯಲ್ಲಿ ಬೇರೆ ಸಿನಿಮಾ ಬಿಟ್ಟು ಅದೇ ಸುಳಿದದ್ದಕ್ಕೆ ಈ ಮರುಬಿಡುಗಡೆಯೂ ಕಾರಣ ಇದ್ದೀತು. ಸುಲಭವಾಗಿ ನೆನಪಿಗೆ ಬರುವುದನ್ನೇ ಮನಸ್ಸು ಹೆಚ್ಚು ಸಂಭವನೀಯ ಎಂದು ಎಣಿಸುತ್ತದೆ ಎಂದು ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1973ರಲ್ಲೇ ತೋರಿಸಿದ್ದರು. ಡಿಸೆಂಬರ್ 20ಕ್ಕೆ ಬಿಡುಗಡೆಯಾದ ‘ಯುಐ’ ಯಾವ ಸಿನಿಮಾದ ಹಿಂದಿನ ಕಥೆಯೂ ಆಗಿರಲಿಲ್ಲ.

ಊಹೆ ಸುಳ್ಳಾಯಿತೆಂದು ಹುಡುಗರನ್ನು ನೋಡಿ ನಗಬೇಕಾಗಿಲ್ಲ. ಅವರು ಮಾಡುತ್ತಿದ್ದ ಕೆಲಸ ಗೌರವಯುತವಾದದ್ದೇ. ಪೂರ್ತಿ ಕಾಣದ ವಸ್ತುವೊಂದರ ಬಗ್ಗೆ ಕಂಡಷ್ಟರಿಂದ ತೀರ್ಮಾನಕ್ಕೆ ಬರುವ ಕೆಲಸ ಅದು. ಒಂದು ದವಡೆ ಮೂಳೆಯಿಂದ ಪ್ರಾಣಿಯನ್ನು ಗುರುತಿಸುವವರು, ಜ್ವರ ಮತ್ತು ಗಂಟುನೋವಿನಿಂದ ಕಾಯಿಲೆ ಹೇಳುವ ವೈದ್ಯರು ಕೂಡ ಅದನ್ನೇ ಮಾಡುತ್ತಾರೆ. ಪ್ರಶ್ನೆ ಇರುವುದು ಯಾವ ಸುಳಿವಿಗೆ ಎಷ್ಟು ತೂಕ ಕೊಡಬೇಕು ಎಂಬಲ್ಲಿ.

ಇಂಥ ಊಹಾಪೋಹಕ್ಕೆ ಜಗತ್ತಿನಾದ್ಯಂತ ಹೆಸರಾದ ಪ್ರಕರಣ ರಿಡ್ಲಿ ಸ್ಕಾಟ್ ಅವರ ‘ಪ್ರೊಮೀಥಿಯಸ್’. ಅವರು 1979ರಲ್ಲಿ ತೆಗೆದ ‘ಏಲಿಯನ್’ ಚಿತ್ರದಲ್ಲಿ ಕುದುರೆ ಲಾಳದ ಆಕಾರದ ಒಂದು ಪಾಳು ನೌಕೆ ಬರುತ್ತದೆ. ಎಚ್. ಆರ್. ಗೀಗರ್ ಎಂಬ ಸ್ವಿಸ್ ಕಲಾವಿದನ ಕೈಚಳಕ ಅದು. ನೌಕೆಯೊಳಗಿನ ಬೃಹತ್ ಕುರ್ಚಿಯಲ್ಲಿ ಎಂದೋ ಸತ್ತ ಒಂದು ದೈತ್ಯಜೀವಿ ಇದೆ. ಪಕ್ಕೆಲುಬುಗಳು ಒಳಗಿನಿಂದ ಹೊರಕ್ಕೆ ಸಿಡಿದಿವೆ. ಯಾರಿದು, ಎಲ್ಲಿಂದ ಬಂದದ್ದು ಎಂದು ಚಿತ್ರ ಹೇಳುವುದೇ ಇಲ್ಲ. ಮೂವತ್ತು ವರ್ಷ ಕಳೆದ ಮೇಲೆ ಸ್ಕಾಟ್ ಅದರ ಹಿಂದಿನ ಕಥೆ ಮಾಡುತ್ತಾರಂತೆ ಎಂಬ ಸುದ್ದಿ ಬಂತು. 2011ರ ಜನವರಿಯಲ್ಲಿ ಸುದ್ದಿಯ ಧಾಟಿ ಬದಲಾಯಿತು. ಇದು ‘ಪ್ರೊಮೀಥಿಯಸ್’ ಎಂಬ ಸ್ವತಂತ್ರ ಕಥೆ, ಆದರೆ ‘ಏಲಿಯನ್’ನ ಡಿಎನ್‌ಎ ಎಳೆಗಳು ಇದರಲ್ಲಿ ಸಿಗುತ್ತವೆ ಎಂಬರ್ಥದ ಮಾತನ್ನು ನಿರ್ದೇಶಕರು ಆಡಿದರು. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಅಭಿಮಾನಿಗಳಿಗೆ ಇದಕ್ಕಿಂತ ಹಬ್ಬ ಇನ್ನೇನು ಬೇಕು? 2012ರ ಜೂನಿನಲ್ಲಿ ಚಿತ್ರ ಬರುವವರೆಗೂ ಟ್ರೈಲರಿನ ಒಂದೊಂದು ಚಿತ್ರಿಕೆಯನ್ನೂ ಬಿಡದೆ ಜಾಲಾಡಿದರು.

ಸಿಕ್ಕಿದ ಸುಳಿವುಗಳಲ್ಲಿ ಎರಡನ್ನು ಎತ್ತಿಕೊಳ್ಳೋಣ. ಮೊದಲನೆಯದು, ಕತ್ತಲೆ ತುಂಬಿದ ಓಣಿಗಳ ಅಂತರಿಕ್ಷ ನೌಕೆ. ಎರಡನೆಯದು, ಉರುಳಿ ಬೀಳುವ ಲಾಳದಾಕಾರದ ನೌಕೆ. ಎರಡೂ ‘ಏಲಿಯನ್’ನಲ್ಲಿ ಇವೆ. ತೂಕ ಮಾತ್ರ ಅಜಗಜಾಂತರ.

ಲೆಕ್ಕ ಹಾಕಿಯೇ ನೋಡಬಹುದು. ಅಂಕಿಗಳು ನನ್ನ ಊಹೆಯವು, ಲೆಕ್ಕದ ವಿಧಾನ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯದು. ಆತ ತೀರಿಕೊಂಡ ಮೇಲೆ, 1763ರಲ್ಲಿ, ಗೆಳೆಯ ರಿಚರ್ಡ್ ಪ್ರೈಸ್ ಅದನ್ನು ಪ್ರಕಟಿಸಿದ. ಇಂಥ 100 ಸಿನಿಮಾಗಳಲ್ಲಿ 10 ಮಾತ್ರ ಹಳೆಯ ಚಿತ್ರವೊಂದರ ಪ್ರೀಕ್ವೆಲ್, ಉಳಿದ 90 ಅಲ್ಲ ಎಂದಿಟ್ಟುಕೊಳ್ಳಿ. ಕತ್ತಲೆ ಓಣಿ ಆ 10ರಲ್ಲಿ 9ಕ್ಕೆ ಇರುತ್ತದೆ, 90ರಲ್ಲಿ 72ಕ್ಕೂ ಇರುತ್ತದೆ. ಅಂತರಿಕ್ಷದ ಭಯದ ಸಿನಿಮಾ ಎಂದಮೇಲೆ ಯಾರಾದರೂ ಟ್ಯೂಬ್‌ಲೈಟ್ ಹಾಕಿ ತೆಗೆಯುತ್ತಾರೆಯೇ? ಹಾಗಾಗಿ ಕತ್ತಲೆ ಓಣಿಯ 81 ಸಿನಿಮಾಗಳಲ್ಲಿ ಪ್ರೀಕ್ವೆಲ್‌ಗಳು 9. ಅಂದರೆ ನೂರಕ್ಕೆ 10 ಇದ್ದ ನಮ್ಮ ನಂಬಿಕೆ 11ಕ್ಕೆ ಏರಿತು, ಅಷ್ಟೆ. ಲಾಳದ ನೌಕೆಯ ಕಥೆ ಬೇರೆ. ಅದು 10 ಪ್ರೀಕ್ವೆಲ್‌ಗಳಲ್ಲಿ 8ರಲ್ಲಿ ಕಾಣಬಹುದು, ಉಳಿದ 90ರಲ್ಲಿ ಹೆಚ್ಚೆಂದರೆ ಒಂದರಲ್ಲಿ. ಒಟ್ಟು 9ರಲ್ಲಿ 8. ನಂಬಿಕೆ ಒಂದೇ ನೆಗೆತಕ್ಕೆ 89ರ ಹತ್ತಿರ ಹೋಯಿತು.

ಊಹೆಗೆ ಸುಳಿವು ಹೊಂದುತ್ತದೆಯೇ ಎಂದು ಎಲ್ಲರೂ ಕೇಳಿಕೊಳ್ಳುತ್ತಾರೆ. ಊಹೆ ಸುಳ್ಳಾಗಿದ್ದರೂ ಈ ಸುಳಿವು ಕಾಣುತ್ತಿತ್ತೇ ಎಂದು ಕೇಳಿಕೊಳ್ಳುವವರು ಕಡಿಮೆ. ತೂಕ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಇದನ್ನು ಕನ್ನಡದಲ್ಲಿ ಬಹಳ ಚೆನ್ನಾಗಿ ಬಲ್ಲ ಒಬ್ಬ ಹುಡುಗಿ ಇದ್ದಾಳೆ. ಪಂಪ 941ರಲ್ಲಿ ಬರೆದ ‘ಆದಿಪುರಾಣ’ದ ಶ್ರೀಮತಿ. ಆದಿತೀರ್ಥಂಕರನ ಕಥೆಗೆ ಬರುವ ಮುನ್ನ ಪಂಪ ಅವನ ಹಿಂದಿನ ಭವಗಳನ್ನೆಲ್ಲ ಹೇಳುತ್ತಾನೆ. ಭವಾವಳಿ ಹೇಳಿದ ನಮ್ಮ ಜೈನಕವಿಗಳಿಗೆ ಪ್ರೀಕ್ವೆಲ್ ಏನೂ ಹೊಸದಲ್ಲ ಎನ್ನಿ. ದೇವಲೋಕದಲ್ಲಿ ಲಲಿತಾಂಗನ ಸತಿಯಾಗಿದ್ದ ಸ್ವಯಂಪ್ರಭೆಯೇ ಭೂಮಿಯಲ್ಲಿ ಶ್ರೀಮತಿಯಾಗಿ ಹುಟ್ಟಿದ್ದಾಳೆ. ಹಿಂದಿನ ಜನ್ಮದ ನೆನಪು ಬಂದಿದೆ, ಗಂಡ ಈಗ ಎಲ್ಲಿ ಹುಟ್ಟಿದ್ದಾನೋ ತಿಳಿಯದು. ಆ ಬದುಕನ್ನು ಅವಳು ಒಂದು ಪಟದಲ್ಲಿ ಬಿಡಿಸುತ್ತಾಳೆ. ಪಂಡಿತೆ ಎಂಬ ದಾದಿ ಅದನ್ನು ಜಿನಾಲಯದಲ್ಲಿ ಹರಡಿ ಕೂರುತ್ತಾಳೆ. ‘ನಾನೇ ಲಲಿತಾಂಗ’ ಎಂದು ಸುಳ್ಳು ಹೇಳಿಕೊಂಡು ಬರುವವರೂ ಇರುತ್ತಾರೆಂದು ಶ್ರೀಮತಿಗೆ ಗೊತ್ತು. ಅದಕ್ಕೇ ಪಟದಲ್ಲಿ ಅವರಿಬ್ಬರಿಗೆ ಮಾತ್ರ ತಿಳಿದ ಗುಟ್ಟಿನ ಸಂಗತಿಗಳನ್ನು ಸೇರಿಸಿದ್ದಾಳೆ. ದೇವಲೋಕದ ವಿಮಾನ, ಉದ್ಯಾನವನ್ನು ಯಾರು ಬೇಕಾದರೂ ಗುರುತಿಸಬಹುದು, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಗುಟ್ಟಿನ ಸಂಗತಿ ಹೇಳಬಲ್ಲವನು ಒಬ್ಬನೇ. ವಂಚಕರು ಅಲ್ಲೇ ಸಿಕ್ಕಿಬೀಳುತ್ತಾರೆ, ಲಲಿತಾಂಗನೇ ಮತ್ತೆ ಹುಟ್ಟಿ ಬಂದಿರುವ ವಜ್ರಜಂಘ ಗೆಲ್ಲುತ್ತಾನೆ. ಬೇಯ್ಸ್‌ಗಿಂತ ಎಂಟು ನೂರು ವರ್ಷ ಹಿಂದಿನ ಪರೀಕ್ಷೆ ಇದು!

ಇನ್ನೊಂದು ಎಡವಟ್ಟು ಹುಡುಕಾಟದ ವಿಸ್ತಾರದ್ದು. ಎರಡು ನಿಮಿಷದ ಟ್ರೈಲರಿನಲ್ಲಿ ನೂರು ಶಾಟ್‌ಗಳಿವೆ, ಒಂದೊಂದರಲ್ಲೂ ಗಮನಿಸಬಹುದಾದ ವಸ್ತುಗಳು ಇಪ್ಪತ್ತು ಎನ್ನಿ. ಒಟ್ಟು 2,000 ವಸ್ತುಗಳು. ಯಾವುದೇ ಒಂದು ವಸ್ತು ಹಳೆಯ ಚಿತ್ರದ ಯಾವುದಕ್ಕೋ ಬರೀ ಆಕಸ್ಮಿಕವಾಗಿ ಹೋಲುವ ಸಾಧ್ಯತೆ ಸಾವಿರಕ್ಕೆ ಒಂದು ಎಂದಿಟ್ಟುಕೊಂಡರೂ, ಕನಿಷ್ಠ ಒಂದು ಹೋಲಿಕೆಯಾದರೂ ಸಿಕ್ಕೇ ಸಿಗುವ ಸಾಧ್ಯತೆ ನೂರಕ್ಕೆ 86. ಅಂದರೆ ಬೆವರು ಸುರಿಸಿ ಹುಡುಕಿದವನಿಗೆ ಏನಾದರೂ ಸಿಕ್ಕಿತೆಂಬುದು ಸುದ್ದಿಯೇ ಅಲ್ಲ. ಅದೇ ಒಂದು ಹೋಲಿಕೆಯನ್ನು ಹತ್ತು ಜನ ಹತ್ತು ಕಡೆ ಹಂಚಿಕೊಂಡರೆ ಹತ್ತು ಸಾಕ್ಷಿಗಳಾಗುವುದಿಲ್ಲ, ಒಂದೇ ಸಾಕ್ಷಿಯ ಹತ್ತು ನೆರಳುಗಳು ಅವು. ದತ್ತಾಂಶದ ರಾಶಿಯಲ್ಲಿ ಕೈಯಾಡಿಸುವ ವಿಜ್ಞಾನಿಗಳೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಅದಕ್ಕೇ ಏನನ್ನು ಹುಡುಕುತ್ತೇವೆಂದು ಮೊದಲೇ ಬರೆದಿಡುವ ಪದ್ಧತಿ ಔಷಧ ಪರೀಕ್ಷೆಗಳಲ್ಲಿ ಬಂದಿರುವುದು.

ಹಾಗಾದರೆ ನಿರ್ದೇಶಕರನ್ನೇ ಕೇಳಿದರಾಯಿತಲ್ಲ? ಅಷ್ಟು ಸಲೀಸಲ್ಲ. 2013ರ ‘ಸ್ಟಾರ್ ಟ್ರೆಕ್ ಇನ್‌ಟು ಡಾರ್ಕ್‌ನೆಸ್’ನಲ್ಲಿ ಖಳನಾಯಕ ಹಳೆಯ ‘ಸ್ಟಾರ್ ಟ್ರೆಕ್’ನ ಖಾನ್ ಅಲ್ಲ, ಜಾನ್ ಹ್ಯಾರಿಸನ್ ಎಂದು ಚಿತ್ರತಂಡ ಸಾಧಿಸುತ್ತಲೇ ಬಂತು. ತೆರೆಯ ಮೇಲೆ ನೋಡಿದರೆ ಖಾನೇ! ಗುಟ್ಟು ಇದ್ದವರೂ ಇಲ್ಲ ಎನ್ನುತ್ತಾರೆ, ಇಲ್ಲದವರೂ ಇಲ್ಲ ಎನ್ನುತ್ತಾರೆ. ಹಾಗಾಗಿ ನಿರಾಕರಣೆಯ ತೂಕ ಕತ್ತಲೆ ಓಣಿಯಷ್ಟೇ. ಒಪ್ಪಿಕೊಂಡರೆ ಮಾತ್ರ ಅದು ಲಾಳದ ನೌಕೆ. ‘ಕಾಂತಾರ’ದ ನೂರನೇ ದಿನದ ಸಂಭ್ರಮದಲ್ಲಿ ರಿಷಬ್ ಶೆಟ್ಟಿ, ನೀವು ನೋಡಿದ್ದು ಎರಡನೇ ಭಾಗ, ಇನ್ನು ಬರುವುದು ಅದರ ಹಿಂದಿನದು ಎಂಬರ್ಥದಲ್ಲಿ ಹೇಳಿದರು. ಅಲ್ಲಿಗೆ ಚರ್ಚೆಗೆ ತೆರೆ ಬಿತ್ತು. 2025ರ ಅಕ್ಟೋಬರ್ 2ಕ್ಕೆ ಬಂದ ‘ಕಾಂತಾರ: ಚಾಪ್ಟರ್ 1’ ಹೇಳಿದಂತೆಯೇ ಹಿಂದಿನ ಕಾಲಕ್ಕೆ ಹೋಯಿತು.

‘ಪ್ರೊಮೀಥಿಯಸ್’ ಕೊನೆಗೆ ಏನಾಯಿತು? ಲಾಳದ ನೌಕೆಯನ್ನು ನಂಬಿದವರು ಗೆದ್ದರು, ಆದರೆ ಪೂರ್ತಿ ಅಲ್ಲ. ಹೊಸ ಕಥೆ ನಡೆಯುವುದು 2093ರಲ್ಲಿ, ‘ಏಲಿಯನ್’ 2122ರಲ್ಲಿ. ಕಾಲ ಸರಿಯಾಗಿ ಹಿಂದೆಯೇ ಇದೆ. ಸ್ಥಳ ಮಾತ್ರ ಬೇರೆ. ಹಳೆಯ ಚಿತ್ರದ ನೌಕೆ ಬಿದ್ದಿದ್ದದ್ದು ಎಲ್‌ವಿ-426ರಲ್ಲಿ, ಇದು ಬೀಳುವುದು ಎಲ್‌ವಿ-223ರಲ್ಲಿ. ಇದರ ದೈತ್ಯ ಕುರ್ಚಿಯಲ್ಲಿ ಸಾಯುವುದೂ ಇಲ್ಲ, ಎದ್ದು ಹೊರಗೆ ಹೋಗಿ ಬೇರೆಡೆ ಸಾಯುತ್ತಾನೆ. ಅದೇ ಜಗತ್ತು, ಅದೇ ಜನಾಂಗ, ಆದರೆ ಆ ನೌಕೆಯೂ ಅಲ್ಲ, ಅವನೂ ಅಲ್ಲ. ಪ್ರೀಕ್ವೆಲ್ ಹೌದೋ ಅಲ್ಲವೋ ಎಂದು ಎರಡೇ ಖಾನೆ ಮಾಡಿಕೊಂಡು ಸುಳಿವುಗಳನ್ನು ಹಂಚುತ್ತಿದ್ದವರಿಗೆ ಇಂಥ ಮೂರನೇ ಖಾನೆಯೊಂದು ಬೇಕಿತ್ತು. ಬೇಯ್ಸ್‌ನ ಲೆಕ್ಕ ಎಷ್ಟೇ ಕರಾರುವಾಕ್ಕಾದರೂ, ನಾವು ಪಟ್ಟಿಯಲ್ಲೇ ಬರೆಯದ ಸಾಧ್ಯತೆಯನ್ನು ಅದು ತಾನಾಗಿ ಹುಟ್ಟಿಸಿ ಕೊಡುವುದಿಲ್ಲ. 2017ರಲ್ಲಿ ಸ್ಕಾಟ್ ‘ಏಲಿಯನ್: ಕವನೆಂಟ್’ ತೆಗೆದು ಕಥೆಯನ್ನು 2104ಕ್ಕೆ ತಂದರು. 1979ರ ಆ ನೌಕೆ ಎಲ್‌ವಿ-426ಕ್ಕೆ ಹೇಗೆ ಬಂತು ಎಂಬುದು ಅದರಲ್ಲೂ ಇಲ್ಲ. ಉಳಿದ ಹದಿನೆಂಟು ವರ್ಷಗಳ ಬಗ್ಗೆ ಅಭಿಮಾನಿಗಳ ವಾದ ಇನ್ನೂ ನಡೆದಿದೆ.