ಜಿಪಿಎಸ್ ಉಪಕರಣದಲ್ಲಿ ಬ್ಯಾಟರಿ ವಿಧದ ಆಯ್ಕೆ: ಸದಸ್ಯರು ತಿಳಿದಿರಬೇಕಾದ ಅಂಶಗಳು

2006ರ ಅರಣ್ಯ ಹಕ್ಕು ಮಾನ್ಯತೆ ಕಾಯ್ದೆಯಡಿ ಸಲ್ಲಿಕೆಯಾದ ಅರ್ಜಿಗಳ ಸ್ಥಳ ಪರಿಶೀಲನೆಯನ್ನು ಗ್ರಾಮ ಸಭೆಯು ಆರಿಸಿದ ಅರಣ್ಯ ಹಕ್ಕು ಸಮಿತಿಯು ನಡೆಸುತ್ತದೆ. ಆ ಗ್ರಾಮ ಸಭೆಯನ್ನು ಕರೆಯುವ ಹೊಣೆ ಗ್ರಾಮ ಪಂಚಾಯತಿಯದು. ಜಮೀನಿನ ಗಡಿಯನ್ನು ಜಿಪಿಎಸ್ ಉಪಕರಣ ಹಿಡಿದು ಅಳೆಯುವಾಗ ಅರ್ಧದಲ್ಲಿ ಸೆಲ್ ಮುಗಿದರೆ ಅಳತೆ ಅಪೂರ್ಣವಾಗುತ್ತದೆ. ಕೂಲಿ ಬಿಟ್ಟು ಬಂದ ಅರ್ಜಿದಾರರು ಮತ್ತೊಂದು ದಿನದ ದುಡಿಮೆಯನ್ನೂ ಕಳೆದುಕೊಳ್ಳಬೇಕಾಗುತ್ತದೆ.

ಗಾರ್ಮಿನ್ ಇಟ್ರೆಕ್ಸ್ 10ರಂತಹ ಉಪಕರಣಗಳು ಎರಡು ಎಎ ಸೆಲ್‌ಗಳಿಂದ ನಡೆಯುತ್ತವೆ. ಪರದೆಯ ಮೇಲಿನ ಬ್ಯಾಟರಿ ಚಿಹ್ನೆಯು ಉಳಿದಿರುವ ಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ. ಸೆಲ್‌ಗಳ ವೋಲ್ಟೇಜ್ ನೋಡಿ ಅಂದಾಜು ಮಾಡುತ್ತದೆ. ಆದರೆ ಎಲ್ಲ ಸೆಲ್‌ಗಳ ವೋಲ್ಟೇಜ್ ಒಂದೇ ರೀತಿಯಲ್ಲಿ ಇಳಿಯುವುದಿಲ್ಲ. 1.5 ವೋಲ್ಟ್‌ನ ಆಲ್ಕಲೈನ್ ಸೆಲ್ ಬಳಸಿದಂತೆ ಕ್ರಮೇಣ ಇಳಿಯುತ್ತದೆ. ಮರುಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಬಹುಕಾಲ 1.2 ವೋಲ್ಟ್‌ನ ಆಸುಪಾಸಿನಲ್ಲಿದ್ದು ಕೊನೆಯಲ್ಲಿ ತಟ್ಟನೆ ಕುಸಿಯುತ್ತದೆ. ಒಮ್ಮೆ ಮಾತ್ರ ಬಳಸುವ 1.5 ವೋಲ್ಟ್ ಲಿಥಿಯಂ ಸೆಲ್ ಸಹ ಹೀಗೆಯೇ ಕೊನೆಯವರೆಗೂ ಸ್ಥಿರವಾಗಿರುತ್ತದೆ.

ಆದ್ದರಿಂದಲೇ ಉಪಕರಣದಲ್ಲಿ ಬ್ಯಾಟರಿ ವಿಧದ ಆಯ್ಕೆಯನ್ನು ನೀಡಲಾಗಿದೆ. ಈ ಆಯ್ಕೆಯು ಸೆಲ್‌ನ ಶಕ್ತಿಯನ್ನು ಹೆಚ್ಚಿಸುವುದಿಲ್ಲ; ಚಿಹ್ನೆಯ ಅಂದಾಜನ್ನು ಸರಿಪಡಿಸುತ್ತದೆ. ಮರುಚಾರ್ಜ್ ಸೆಲ್ ಹಾಕಿ ಆಯ್ಕೆಯನ್ನು ಆಲ್ಕಲೈನ್ ಎಂದೇ ಬಿಟ್ಟರೆ, ಸಾಕಷ್ಟು ಶಕ್ತಿ ಉಳಿದಿರುವಾಗಲೇ ಸೆಲ್ ಮುಗಿಯುತ್ತಿದೆ ಎಂಬ ಸೂಚನೆ ಬರುತ್ತದೆ. ಇದಕ್ಕೆ ವಿರುದ್ಧವಾದರೆ ತೊಂದರೆ ಹೆಚ್ಚು: ಆಲ್ಕಲೈನ್ ಸೆಲ್ ಗಣನೀಯವಾಗಿ ವ್ಯಯವಾಗಿದ್ದರೂ ಚಿಹ್ನೆ ತುಂಬಿದಂತೆಯೇ ಕಾಣುತ್ತದೆ.

ಅಳತೆಗೆ ಹೊರಡುವ ಮುನ್ನ ಸದಸ್ಯರು ಖಚಿತಪಡಿಸಿಕೊಳ್ಳಬೇಕಾದ ಅಂಶಗಳು ಇಂತಿವೆ:

1. ಸೆಲ್‌ನ ಹೊದಿಕೆಯ ಮೇಲೆ ಮುದ್ರಿತವಾದ ವಿಧವನ್ನು ಓದಿ, ಉಪಕರಣದ ಸೆಟಪ್, ಅದರೊಳಗಿನ ಸಿಸ್ಟಂ, ಬಳಿಕ ಬ್ಯಾಟರಿ ಟೈಪ್ ತೆರೆದು ಅದನ್ನೇ ಆರಿಸತಕ್ಕದ್ದು. ಸೆಲ್‌ನ ವಿಧ ಬದಲಾದಾಗಲೆಲ್ಲ ಇದನ್ನು ಪುನಃ ಪರಿಶೀಲಿಸತಕ್ಕದ್ದು.

2. ಹಳೆಯ ಮತ್ತು ಹೊಸ ಸೆಲ್‌ಗಳನ್ನಾಗಲಿ, ಬೇರೆ ಬೇರೆ ವಿಧದ ಸೆಲ್‌ಗಳನ್ನಾಗಲಿ ಒಟ್ಟಿಗೆ ಹಾಕಬಾರದು. ಗೋಡೆ ಗಡಿಯಾರಕ್ಕೆ ಬಳಸುವ ಅಗ್ಗದ ಸತು-ಕಾರ್ಬನ್ ಸೆಲ್ ಜಿಪಿಎಸ್‌ನಲ್ಲಿ ಬೇಗನೆ ಮುಗಿಯುತ್ತದೆ.

3. ಅದೇ ಗಾತ್ರದಲ್ಲಿ ದೊರೆಯುವ 3.7 ವೋಲ್ಟ್‌ನ ಲಿಥಿಯಂ ಅಯಾನ್ ಸೆಲ್ ಹಾಕಿದರೆ ಉಪಕರಣ ಹಾಳಾಗಬಹುದು. ಪಟ್ಟಿಯಲ್ಲಿರುವ ಲಿಥಿಯಂ ಎಂಬ ಆಯ್ಕೆ ಈ ಸೆಲ್‌ಗೆ ಸಂಬಂಧಿಸಿದ್ದಲ್ಲ.

4. ಇಟ್ರೆಕ್ಸ್ 10ಕ್ಕೆ ಯುಎಸ್‌ಬಿ ತಂತಿ ಜೋಡಿಸಿದರೆ ಒಳಗಿನ ಸೆಲ್ ಚಾರ್ಜ್ ಆಗುವುದಿಲ್ಲ. ಮರುಚಾರ್ಜ್ ಸೆಲ್‌ಗಳನ್ನು ಪ್ರತ್ಯೇಕ ಚಾರ್ಜರ್‌ನಲ್ಲಿ ಹಿಂದಿನ ದಿನವೇ ಚಾರ್ಜ್ ಮಾಡಿಸತಕ್ಕದ್ದು. ಆಲ್ಕಲೈನ್ ಸೆಲ್‌ಗಳನ್ನು ಚಾರ್ಜ್ ಮಾಡಲೇಬಾರದು.

5. ಒಂದು ಜೊತೆ ಹೆಚ್ಚುವರಿ ಸೆಲ್ ಒಯ್ಯುವುದು ಹಾಗೂ ಗಡಿಯ ಪ್ರತಿ ಮೂಲೆಯಲ್ಲೂ ಬಿಂದುವನ್ನು ಗುರುತಿಸಿ ಉಳಿಸುವುದು ಸೂಕ್ತ. ಹೀಗೆ ಉಳಿಸಿದ ಬಿಂದುಗಳು ಸೆಲ್ ಬದಲಿಸಿದರೂ ಅಳಿಯುವುದಿಲ್ಲ.

ಎರಡು ನಿಮಿಷದ ಈ ಪರಿಶೀಲನೆಯು ಅರ್ಜಿದಾರರ ಒಂದು ದಿನದ ಕೂಲಿಯನ್ನು ಉಳಿಸಬಲ್ಲದು.