ಒಂದು ಸುತ್ತು ಗೆದ್ದ ಮೇಲೆ

2018ರ ಜುಲೈ 12. ಫಿನ್ಲೆಂಡ್‌ನ ಟ್ಯಾಂಪೆರೆಯಲ್ಲಿ 20 ವರ್ಷದೊಳಗಿನವರ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಮಹಿಳೆಯರ 400 ಮೀಟರ್ ಫೈನಲ್. ನಾಲ್ಕನೇ ಲೇನ್‌ನಲ್ಲಿ ಅಸ್ಸಾಮಿನ ಹಿಮಾ ದಾಸ್. ಕೊನೆಯ ತಿರುವು ಮುಗಿದು ಎಲ್ಲರೂ ನೇರ ಹಾದಿಗೆ ಬಂದಾಗ ರೊಮೇನಿಯಾದ ಆಂಡ್ರಿಯಾ ಮಿಕ್ಲೋಸ್ ಮುಂದಿದ್ದರು. ಅಲ್ಲಿಂದ ಹಿಮಾ ಒಬ್ಬೊಬ್ಬರನ್ನೇ ಹಿಂದಿಕ್ಕಿದರು. 51.46 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿದಾಗ ಮಿಕ್ಲೋಸ್ ಅರ್ಧ ಸೆಕೆಂಡಿಗೂ ಹೆಚ್ಚು ಹಿಂದುಳಿದಿದ್ದರು. ಅಮೆರಿಕದ ಟೇಲರ್ ಮ್ಯಾನ್ಸನ್‌ಗೆ ಕಂಚು ಸಿಕ್ಕಿತು.

ಎರಡು ವರ್ಷ ಮೊದಲು ಇದೇ ಕೂಟದ ಜಾವೆಲಿನ್‌ನಲ್ಲಿ ನೀರಜ್ ಚೋಪ್ರಾ ಚಿನ್ನ ಗೆದ್ದಿದ್ದರು. ಆದರೆ ಟ್ರ್ಯಾಕ್ ಮೇಲೆ ಓಡಿ ವಿಶ್ವ ಮಟ್ಟದ ಕೂಟವೊಂದರಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯರು ಹಿಮಾ. ಅದಕ್ಕೆ ಹಿಂದಿನ ದಿನವಷ್ಟೇ, ಆಕೆಯ ಇಂಗ್ಲಿಷ್ ಅಷ್ಟು ನಿರರ್ಗಳವಾಗಿಲ್ಲ ಎಂದು ದೇಶದ ಅಥ್ಲೆಟಿಕ್ಸ್ ಫೆಡರೇಷನ್ನೇ ಟ್ವೀಟ್ ಮಾಡಿತ್ತು. ಟೀಕೆಯ ಸುರಿಮಳೆಯಾದ ಮೇಲೆ ಕ್ಷಮೆ ಕೇಳಿತು.

ಕೊನೆಯ ನೂರು ಮೀಟರ್

ಆ ಓಟದ ವಿಡಿಯೊ ನೋಡಿದವರು ಹಿಮಾ ಕೊನೆಯಲ್ಲಿ ವೇಗ ಹೆಚ್ಚಿಸಿದರು ಎನ್ನುತ್ತಾರೆ. ಕಣ್ಣಿಗೆ ಹಾಗೆ ಕಾಣುತ್ತದೆ, ನಿಜ. ಆದರೆ 400 ಮೀಟರ್‌ನ ಕೊನೆಯ ನೂರರಲ್ಲಿ ವೇಗ ಹೆಚ್ಚಿಸುವವರು ಯಾರೂ ಇಲ್ಲ, ಎಲ್ಲರೂ ನಿಧಾನವಾಗುತ್ತಿರುತ್ತಾರೆ. ಯಾರು ಎಲ್ಲರಿಗಿಂತ ಕಡಿಮೆ ನಿಧಾನವಾಗುತ್ತಾರೋ ಅವರು ಗೆಲ್ಲುತ್ತಾರೆ.

ಇದು ಸ್ಪ್ರಿಂಟ್ ಓಟವೇ. ಬ್ಲಾಕ್ಸ್‌ನಿಂದಲೇ ಹೊರಡಬೇಕು, ಕೊನೆಯವರೆಗೂ ತಮ್ಮ ಲೇನ್‌ನಲ್ಲೇ ಓಡಬೇಕು. ಆದರೆ ನೂರು ಮೀಟರ್‌ನ ವೇಗವನ್ನು ನಾನೂರಕ್ಕೆ ಎಳೆಯಲು ಮನುಷ್ಯರ ಮೈಗೆ ಆಗುವುದಿಲ್ಲ. ಉಸಿರಿನಿಂದ ಸಿಗುವ ಆಮ್ಲಜನಕ ಸಾಲದೆ ಸ್ನಾಯುಗಳು ತಮ್ಮಲ್ಲಿರುವ ಇಂಧನವನ್ನೇ ಸುಡುತ್ತವೆ. ಮುನ್ನೂರು ಮೀಟರ್ ದಾಟುವಷ್ಟರಲ್ಲಿ ತೊಡೆ ಉರಿಯತೊಡಗುತ್ತದೆ, ಭುಜ ಕಿವಿಯತ್ತ ಏರುತ್ತದೆ, ಕತ್ತು ಬಿಗಿಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಮೊದಲ ಇನ್ನೂರನ್ನು ಅರ್ಧ ಸೆಕೆಂಡ್ ಬೇಗ ಓಡಿದರೂ ಆ ಸಾಲವನ್ನು ಕೊನೆಯ ನೂರರಲ್ಲಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಲೇನ್‌ಗಳ ಲೆಕ್ಕ ಬೇರೆ. ಒಳಗಿನ ಲೇನ್‌ನವರಿಗೆ ತಿರುವು ಬಿಗಿ, ತೀರಾ ಹೊರಗಿನ ಲೇನ್‌ನವರಿಗೆ ಎದುರಾಳಿಗಳೇ ಕಾಣುವುದಿಲ್ಲ. ಹದಿನೆಂಟು, ಹತ್ತೊಂಬತ್ತರ ಹುಡುಗಿಯೊಬ್ಬಳು ಇಷ್ಟನ್ನೂ ತಾಳ್ಮೆಯಿಂದ ತೂಗಿಸಬೇಕು.

ಹಿಮಾಗೆ ಆ ತಾಳ್ಮೆ ಎಲ್ಲಿಂದ ಬಂತು? ನಗಾಂವ್ ಜಿಲ್ಲೆಯ ಢಿಂಗ್ ಬಳಿಯ ಹಳ್ಳಿಯಲ್ಲಿ ಭತ್ತ ಬೆಳೆಯುವ ಕುಟುಂಬ. ಗದ್ದೆ ಬಯಲಲ್ಲಿ ಹುಡುಗರ ಜೊತೆ ಫುಟ್‌ಬಾಲ್ ಆಡಿ ಬೆಳೆದ ಹುಡುಗಿಯನ್ನು ಓಟಕ್ಕೆ ತಂದು ಗುವಾಹಟಿಗೆ ಕರೆಸಿಕೊಂಡವರು ಕೋಚ್ ನಿಪೋನ್ ದಾಸ್. ಟ್ಯಾಂಪೆರೆಗೆ ಮೂರು ತಿಂಗಳ ಮೊದಲು ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ನಲ್ಲಿ ಹಿಮಾ 51.32 ಸೆಕೆಂಡ್‌ಗಳಲ್ಲಿ ಓಡಿ ಆರನೆಯವರಾಗಿದ್ದರು. ಹಿರಿಯರೊಂದಿಗೆ ಓಡಿ ಪಳಗಿದ ಕಾಲಿಗೆ ಕಿರಿಯರ ಕೂಟ ಹೊಸದಾಗಿ ಕಾಣಲಿಲ್ಲ.

ನಾಲ್ಕನೆಯ ಸ್ಥಾನದ ಬೆಲೆ

ಮುಂದಿನ ಕೂಟ 2021ರ ಆಗಸ್ಟ್‌ನಲ್ಲಿ ನೈರೋಬಿಯಲ್ಲಿ ನಡೆಯಿತು. ನೈಜೀರಿಯಾದ ಇಮಾವೊಬಾಂಗ್ ಉಕೊ ಚಿನ್ನ ಗೆದ್ದ ಆ ಫೈನಲ್‌ನಲ್ಲಿ ಕರ್ನಾಟಕದ ಪ್ರಿಯಾ ಮೋಹನ್ ಕೂಡ ಇದ್ದರು. 52.77 ಸೆಕೆಂಡ್, ಅದುವರೆಗಿನ ಅವರ ಶ್ರೇಷ್ಠ ಸಮಯ. ಸ್ಥಾನ ನಾಲ್ಕು. ಅದೇ ಕೂಟದ ಮಿಶ್ರ ರಿಲೆಯಲ್ಲಿ ಕಂಚು ತಂದ ತಂಡದಲ್ಲೂ ಅವರಿದ್ದರು. ರಿಲೆ ಪದಕ ಸುದ್ದಿಯಾಯಿತು, ನಾಲ್ಕನೆಯ ಸ್ಥಾನ ಒಂದು ಸಾಲಿನಲ್ಲಿ ಮುಗಿಯಿತು. ಜಗತ್ತಿನ ಅತಿ ವೇಗದ ಕಿರಿಯ ಓಟಗಾರ್ತಿಯರ ನಡುವೆ ಅದುವರೆಗಿನ ತಮ್ಮ ಶ್ರೇಷ್ಠ ಓಟವನ್ನು ಫೈನಲ್ ದಿನವೇ ಓಡುವುದು ಸಣ್ಣ ಮಾತಲ್ಲ. ಎಷ್ಟೋ ಪದಕ ವಿಜೇತರಿಗೂ ಅದು ಕೂಡಿಬಂದಿರುವುದಿಲ್ಲ.

2022ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ಉತ್ತರ ಪ್ರದೇಶದ ರೂಪಲ್ ಚೌಧರಿ 51.85 ಸೆಕೆಂಡ್‌ಗಳಲ್ಲಿ ಓಡಿ ಕಂಚು ಗೆದ್ದರು. ಅದಕ್ಕೂ ಮುನ್ನ ಮಿಶ್ರ ರಿಲೆಯಲ್ಲಿ ಪ್ರಿಯಾ, ಭರತ್ ಶ್ರೀಧರ್ ಮತ್ತು ಕಪಿಲ್ ಜೊತೆ ಬೆಳ್ಳಿ ಗೆದ್ದಿದ್ದರು. ಒಂದೇ ವಿಶ್ವ ಜೂನಿಯರ್ ಕೂಟದಲ್ಲಿ ಎರಡು ಪದಕ ಗೆದ್ದ ಮೊದಲ ಭಾರತೀಯರು ರೂಪಲ್. ಸತತ ಮೂರು ವಿಶ್ವ ಜೂನಿಯರ್ ಕೂಟಗಳಲ್ಲಿ ಚಿನ್ನ, ನಾಲ್ಕನೆಯ ಸ್ಥಾನ, ಕಂಚು. ಸ್ಪ್ರಿಂಟ್ ನಮ್ಮವರ ಮೈಗೆ ಒಗ್ಗುವುದಿಲ್ಲ ಎಂಬ ಹಳೆಯ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಆಮೇಲೆ?

ಪ್ಯಾರಿಸ್ ಒಲಿಂಪಿಕ್ಸ್ ಮುಗಿಯುವವರೆಗೆ ಈ ಮೂವರಲ್ಲಿ ಒಬ್ಬರೂ ಒಲಿಂಪಿಕ್ಸ್‌ನ ವೈಯಕ್ತಿಕ 400 ಮೀಟರ್ ಓಡಲಿಲ್ಲ.

ಹಿಮಾ ಅವರ ಹಾದಿ ನೋಡಿ. ಟ್ಯಾಂಪೆರೆಯ ಮರುತಿಂಗಳೇ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 50.79 ಸೆಕೆಂಡ್‌ಗಳ ರಾಷ್ಟ್ರೀಯ ದಾಖಲೆಯೊಂದಿಗೆ ಬೆಳ್ಳಿ. ನಮ್ಮ ಮಂಗಳೂರಿನ ಎಂ.ಆರ್. ಪೂವಮ್ಮ ಅವರೂ ಇದ್ದ ಮಹಿಳಾ ರಿಲೆ ತಂಡದಲ್ಲಿ ಚಿನ್ನ. ಆಮೇಲೆ ಬೆನ್ನು ನೋವು. 2019ರ ಜುಲೈನಲ್ಲಿ ಪೋಲೆಂಡ್, ಚೆಕ್ ಗಣರಾಜ್ಯದ ಸಣ್ಣಪುಟ್ಟ ಕೂಟಗಳಲ್ಲಿ ಐದು ಚಿನ್ನ ಗೆದ್ದಾಗ ಇಡೀ ದೇಶ ಕುಣಿಯಿತು. ಅವುಗಳಲ್ಲಿ ಒಂದೇ 400 ಮೀಟರ್ ಓಟ, ಅದರ ಸಮಯ 52.09. ಟ್ಯಾಂಪೆರೆಗಿಂತ ನಿಧಾನ. ಪದಕ ಎಣಿಸಿದವರು ಗಡಿಯಾರ ನೋಡಲಿಲ್ಲ. ಆ ವರ್ಷ ದೋಹಾದ ವಿಶ್ವ ಚಾಂಪಿಯನ್‌ಷಿಪ್ ಬೆನ್ನು ನೋವಿಗೆ ಬಲಿಯಾಯಿತು. 2021ರಲ್ಲಿ ತೊಡೆಯ ಹಿಂಭಾಗದ ಸ್ನಾಯು ಕೈಕೊಟ್ಟು ಟೋಕಿಯೊ ತಪ್ಪಿತು. 2023ರಲ್ಲಿ, ಡೋಪಿಂಗ್ ಪರೀಕ್ಷೆಗೆ ತಾವು ಎಲ್ಲಿ ಸಿಗುತ್ತೇವೆಂದು ಮುಂಚಿತವಾಗಿ ತಿಳಿಸುವ ನಿಯಮದ ವಿಷಯದಲ್ಲಿ ತಾತ್ಕಾಲಿಕ ಅಮಾನತು.

ಇದರಲ್ಲಿ ಓಟಗಾರ್ತಿಯ ಪಾಲೆಷ್ಟು, ವ್ಯವಸ್ಥೆಯ ಪಾಲೆಷ್ಟು ಎಂದು ಹೊರಗೆ ನಿಂತು ತೂಗುವುದು ಕಷ್ಟ. ಆದರೆ ಕಿರಿಯರ ಪದಕವನ್ನು ನಾವು ಓದುವ ರೀತಿಯಂತೂ ತಪ್ಪು. ಜೂನಿಯರ್ ಕೂಟ ಇರುವುದು ಯಾರಲ್ಲಿ ಕಸುವಿದೆ ಎಂದು ತೋರಿಸಲು. ನಾವು ಅದನ್ನೇ ಕೊನೆಯ ಗೆರೆ ಮಾಡಿ ಸನ್ಮಾನ, ಹಾರ, ಚೆಕ್ಕು ಕೊಟ್ಟು ಮುಗಿಸುತ್ತೇವೆ. ಇನ್ನೂ ಬಲಿಯುತ್ತಿರುವ ಬೆನ್ನು, ತೊಡೆಗಳ ಮೇಲೆ ವೈಯಕ್ತಿಕ ಓಟ, ರಿಲೆ, ಮಿಶ್ರ ರಿಲೆ ಎಲ್ಲವನ್ನೂ ಹೇರುತ್ತೇವೆ.

ಅಂತರವಂತೂ ಕಣ್ಣಮುಂದಿದೆ. ಪ್ಯಾರಿಸ್‌ನಲ್ಲಿ ಡೊಮಿನಿಕನ್ ಗಣರಾಜ್ಯದ ಮಾರಿಲೇಡಿ ಪೌಲಿನೊ ಚಿನ್ನ ಗೆದ್ದದ್ದು 48.17 ಸೆಕೆಂಡ್‌ಗಳಲ್ಲಿ. ಆ ಹೊತ್ತಿಗೂ ಭಾರತದ ದಾಖಲೆ 2018ರ ಅದೇ 50.79. ನಡುವಿನ 2.62 ಸೆಕೆಂಡ್ ತುಂಬಲು ಬೇಕಿರುವುದು ಒಬ್ಬರೇ ಕೋಚ್‌ನ ಸತತ ತರಬೇತಿ, ಜೊತೆಗಿರುವ ಫಿಸಿಯೊ, ಗಾಯಕ್ಕೆ ಪೂರ್ತಿ ವಿಶ್ರಾಂತಿ, ವರ್ಷಕ್ಕೆ ಇಷ್ಟೇ ಓಟ ಎಂಬ ಕಟ್ಟುನಿಟ್ಟು. ನಿಮ್ಮ ಜಿಲ್ಲೆಯ ಹುಡುಗಿ ನಾಳೆ ಜೂನಿಯರ್ ಪದಕ ತಂದರೆ ಹಾರ ಹಾಕಿ, ಸಂತೋಷ. ಮುಂದಿನ ನಾಲ್ಕು ವರ್ಷ ಇವಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅದೇ ವೇದಿಕೆಯಲ್ಲಿ ಕೇಳುವುದನ್ನು ಮಾತ್ರ ಮರೆಯಬೇಡಿ.