ಚರ್ಚಿನ ಅಚ್ಚುಕೂಟದಿಂದ ಹೊರಟ ಪತ್ರ

ಆಫ್ರಿಕಾದ ಪುಟ್ಟ ದೇಶ ಮಲಾವಿ. 1992ರ ಮಾರ್ಚ್ 8, ತಪಸ್ಸುಕಾಲದ ಮೊದಲ ಭಾನುವಾರ. ಅಂದು ಕಥೋಲಿಕ ಚರ್ಚುಗಳಲ್ಲಿ ಗುರುಗಳು ಒಂದು ಪತ್ರ ಓದಿದರು. ಬರೆದವರು ಏಳು ಮಂದಿ ಧರ್ಮಾಧ್ಯಕ್ಷರು. ಬಡವ-ಬಲ್ಲಿದರ ನಡುವಿನ ಅಂತರ, ಹದಗೆಟ್ಟ ಶಾಲೆ-ಆಸ್ಪತ್ರೆ, ಲಂಚ, ಬಾಯಿ ಬಿಟ್ಟರೆ ಜೈಲು ಎಂಬ ಭಯ ಎಲ್ಲವೂ ಅದರಲ್ಲಿತ್ತು. ಹೇಸ್ಟಿಂಗ್ಸ್ ಬಂಡಾ ಆಜೀವ ಅಧ್ಯಕ್ಷರಾಗಿದ್ದ ಕಾಲವದು. ಇದ್ದದ್ದು ಒಂದೇ ಪಕ್ಷ, ಸರ್ಕಾರದ್ದೇ ರೇಡಿಯೊ; ಟಿ.ವಿ. ಇನ್ನೂ ಬಂದೇ ಇರಲಿಲ್ಲ. ಮನೆಯೊಳಗೂ ಪಿಸುಗುಡಲು ಹೆದರುತ್ತಿದ್ದ ಮಾತು ಬಲಿಪೀಠದ ಬಳಿಯಿಂದ ಗಟ್ಟಿಯಾಗಿ ಕೇಳಿಬಂದಾಗ ಕೆಲವೆಡೆ ಜನ ಪೂಜೆಯ ನಡುವೆಯೇ ಚಪ್ಪಾಳೆ ತಟ್ಟಿದರು.

ಪತ್ರದ 16,000 ಪ್ರತಿಗಳು ಗುಟ್ಟಾಗಿ ಅಚ್ಚಾಗಿದ್ದವು. ಸರ್ಕಾರ ಅದನ್ನು ರಾಜದ್ರೋಹದ ಬರಹ ಎಂದು ಸಾರಿತು. ಕೈಯಲ್ಲಿ ಪ್ರತಿ ಸಿಕ್ಕರೂ ಅಪರಾಧ. ಧರ್ಮಾಧ್ಯಕ್ಷರನ್ನು ಪೊಲೀಸರು ಕರೆಸಿ ಗಂಟೆಗಟ್ಟಲೆ ಪ್ರಶ್ನಿಸಿದರು. ಪತ್ರ ಅಚ್ಚಾಗಿದ್ದ, ಬಲಾಕಾ ಊರಿನ ಮೊಂಟ್‌ಫೋರ್ಟ್ ಮಿಷನರಿಗಳ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಅಷ್ಟರಲ್ಲಿ ಪತ್ರ ಜೆರಾಕ್ಸ್ ಆಗಿ, ಫ್ಯಾಕ್ಸ್ ಆಗಿ, ಬಿಬಿಸಿಯ ಸುದ್ದಿಯಾಗಿ ಕೈತಪ್ಪಿ ಹೋಗಿತ್ತು. ಬದಲಾವಣೆಯ ಒತ್ತಡ ಬೆಳೆದು ನಡೆದ 1993ರ ಜೂನ್‌ನ ಜನಮತಗಣನೆಯಲ್ಲಿ ಮೂರರಲ್ಲಿ ಎರಡು ಪಾಲಿಗೆ ಸಮೀಪದಷ್ಟು ಮತ ಬಹುಪಕ್ಷ ಪದ್ಧತಿಗೆ ಬಿತ್ತು. ಮರುವರ್ಷದ ಚುನಾವಣೆಯಲ್ಲಿ ಬಂಡಾ ಸೋತರು.

ಮಿಷನರಿಗಳು ಆಫ್ರಿಕಾಕ್ಕೆ ಅಚ್ಚಿನ ಯಂತ್ರ ಹೊತ್ತು ತಂದದ್ದು ಇದಕ್ಕಲ್ಲ. ಧರ್ಮೋಪದೇಶದ ಕಿರುಹೊತ್ತಗೆ, ಪ್ರಾರ್ಥನೆ, ಸಂತರ ಕಥೆ ಇಷ್ಟೇ ಅವರ ಲೆಕ್ಕ. ಓದು ಕಲಿಸಿದ ಮೇಲೆ ಓದಲು ಏನಾದರೂ ಕೊಡಬೇಕಲ್ಲ! ಹಾಗೆ ಉಗಾಂಡಾದಲ್ಲಿ 1911ರಲ್ಲಿ ಲುಗಾಂಡಾ ಭಾಷೆಯ 'ಮುನ್ನೊ' ಪತ್ರಿಕೆ ಹುಟ್ಟಿತು. ರುವಾಂಡಾದಲ್ಲಿ 1933ರಲ್ಲಿ 'ಕಿನ್ಯಮಾತೇಕಾ'. ಆದರೆ ಅಕ್ಷರ ಕಲಿತವನು ಸಂತರ ಕಥೆಗೇ ನಿಲ್ಲುವನೇ? ಬೆಳೆಗೆ ಬೆಲೆ ಎಷ್ಟು, ತೆರಿಗೆ ಯಾಕೆ, ಊರಿನ ಹುಡುಗ ಎಲ್ಲಿ ಕಾಣೆಯಾದ ಎಂದೂ ಕೇಳುತ್ತಾನೆ. 'ಮುನ್ನೊ' ಸಂಪಾದಕರಾಗಿದ್ದ ಫಾದರ್ ಕ್ಲೆಮೆಂಟ್ ಕಿಗ್ಗುಂಡು 1973ರಲ್ಲಿ, ಇದಿ ಅಮೀನನ ಆಳ್ವಿಕೆಯಲ್ಲಿ, ಕೊಲೆಯಾದರು. ಬಿಳಿಯರ ಆಳ್ವಿಕೆಯ ರೊಡೇಷ್ಯಾದಲ್ಲಿ (ಇಂದಿನ ಜಿಂಬಾಬ್ವೆ) ಚರ್ಚಿನ ಪತ್ರಿಕೆ 'ಮೋತೊ' 1974ರಲ್ಲಿ ನಿಷೇಧಗೊಂಡಿತು. ಧರ್ಮಪ್ರಚಾರ ಎಷ್ಟು ಫಲಿಸಿತೆಂದು ದೀಕ್ಷಾಸ್ನಾನದ ದಾಖಲೆ ಪುಸ್ತಕ ನೋಡುವವರಿದ್ದಾರೆ. ನಾನಾದರೆ ನಿಷೇಧದ ಆದೇಶಗಳನ್ನು ನೋಡುತ್ತೇನೆ.

ರುವಾಂಡಾದ ಮಟ್ಟಿಗೆ ಮಾತ್ರ ಚರ್ಚಿನ ಪತ್ರಿಕೆ ಜನರ ಪರ ನಿಂತಿತು ಎಂಬ ಮಾತನ್ನು ಅಷ್ಟು ಸಲೀಸಾಗಿ ಹೇಳಲಾಗದು. 1950ರ ದಶಕದಲ್ಲಿ 'ಕಿನ್ಯಮಾತೇಕಾ'ದ ಸಂಪಾದಕರಾಗಿದ್ದ ಗ್ರೆಗೊಯಿರ್ ಕಯಿಬಂದಾ ಬಹುಸಂಖ್ಯಾತ ಹುಟು ಜನಾಂಗದ ರಾಜಕಾರಣವನ್ನು ಕಟ್ಟಿ, ಮುಂದೆ ರಾಷ್ಟ್ರಾಧ್ಯಕ್ಷರೇ ಆದರು. ಬಡವರ ಪರ ನಿಂತ ಚರ್ಚಿನ ಪತ್ರಿಕೆಯಲ್ಲೇ ಜನಾಂಗದ ಗೆರೆಯೂ ದಪ್ಪವಾಯಿತು. 1994ರ ಏಪ್ರಿಲ್ 10ರಂದು ರೋಮ್‌ನಲ್ಲಿ ಆಫ್ರಿಕಾದ ಧರ್ಮಾಧ್ಯಕ್ಷರ ಮಹಾಸಭೆ ಆರಂಭವಾಯಿತು. ಅದರ ಐದು ವಿಷಯಗಳಲ್ಲಿ ಸಮೂಹ ಮಾಧ್ಯಮವೂ ಒಂದು. ಆ ಹೊತ್ತಿಗೆ ರುವಾಂಡಾದಲ್ಲಿ ನರಮೇಧ ಶುರುವಾಗಿ ಮೂರು ದಿನ ಕಳೆದಿತ್ತು. ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೊ ಅಲ್ಪಸಂಖ್ಯಾತ ಟುಟ್ಸಿಗಳನ್ನು ಕೊಲ್ಲಲು ಹುರಿದುಂಬಿಸುತ್ತಿತ್ತು. ಆ ರೇಡಿಯೊ ಚರ್ಚಿನದಲ್ಲ, ಸರಿ. ಆದರೆ ಅದನ್ನು ಕೇಳಿ ಮಚ್ಚು ಹಿಡಿದವರಲ್ಲಿ ಭಾನುವಾರ ಪೂಜೆಗೆ ಬರುತ್ತಿದ್ದವರು ಕಡಿಮೆಯಿರಲಿಲ್ಲ. ಎಷ್ಟೋ ಹೆಣಗಳು ಬಿದ್ದದ್ದು ಚರ್ಚುಗಳ ಒಳಗೇ.

ಅದೇ 'ಕಿನ್ಯಮಾತೇಕಾ'ವನ್ನು 1988ರಿಂದ ನಡೆಸುತ್ತಿದ್ದವರು ಆಂದ್ರೆ ಸಿಬೊಮಾನಾ ಎಂಬ ಗುರು. ಹಳೆಯ ಸರ್ಕಾರದ ಭ್ರಷ್ಟಾಚಾರದ ಬಗ್ಗೆ ಬರೆದು ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸಿದರು. ನರಮೇಧದ ನಂತರ ಬಂದ ಸರ್ಕಾರದ ತಪ್ಪುಗಳನ್ನೂ ಬಿಡಲಿಲ್ಲ. 1998ರಲ್ಲಿ ಕಾಯಿಲೆ ಬಿದ್ದಾಗ ಚಿಕಿತ್ಸೆಗೆ ವಿದೇಶಕ್ಕೆ ಹೋಗಲು ಅವರಿಗೆ ಪಾಸ್‌ಪೋರ್ಟ್ ಸಿಗಲಿಲ್ಲ. ಆ ಮಾರ್ಚ್‌ನಲ್ಲಿ ತೀರಿಕೊಂಡರು.

ಚರ್ಚಿಗೂ ಈಗ ಕಾಲ ರೇಡಿಯೊದ್ದು. ಟಾಂಜಾನಿಯಾ, ಮಲಾವಿ ಮೊದಲಾದೆಡೆ ರೇಡಿಯೊ ಮರಿಯಾ ಜಪಸರ, ಪೂಜೆಗಳನ್ನು ಬಿತ್ತರಿಸುತ್ತದೆ. ಉಗಾಂಡಾದ ಗಡಿನಾಡು ಅರುವಾದಲ್ಲಿ 2004ರಲ್ಲಿ ಆರಂಭವಾದ ರೇಡಿಯೊ ಪಾಚಿಸ್ ಸ್ಥಳೀಯ ಭಾಷೆಗಳಲ್ಲಿ ಪ್ರಾರ್ಥನೆಯ ಜೊತೆಗೆ ಊರಿನ ಕಷ್ಟಸುಖವನ್ನೂ ಮಾತಾಡಿ 2007ರಲ್ಲಿ ಬಿಬಿಸಿಯ ಪ್ರಶಸ್ತಿ ಗಳಿಸಿತು. ಅಂಗೋಲಾದ ರೇಡಿಯೊ ಎಕ್ಲೇಸಿಯಾದ ಪಾಡು ಬೇರೆ. 1970ರ ದಶಕದಲ್ಲಿ ಸರ್ಕಾರ ಕಿತ್ತುಕೊಂಡ ಆ ಕೇಂದ್ರ 1997ರಲ್ಲಿ ಮರಳಿ ಬಾಯಿ ತೆರೆಯಿತು. ಆದರೆ ರಾಜಧಾನಿ ಲುವಾಂಡಾದಾಚೆ ಎಫ್‌ಎಂ ಪ್ರಸಾರಕ್ಕೆ ವರ್ಷಗಟ್ಟಲೆ ಅನುಮತಿ ಸಿಗಲಿಲ್ಲ. ಆಳುವವರಿಗೆ ಅಳುಕಿದ್ದದ್ದು ಅದರ ಪ್ರಾರ್ಥನೆಯ ಬಗ್ಗೆಯಲ್ಲ, ಸುದ್ದಿಯ ಬಗ್ಗೆ.